ನೀರು ತಗುಲಿದೊಡನೆ ಒಡೆಯುವ ಲೋಹದ ರಾಸಾಯನಿಕ ಮೀನಿನಲ್ಲಿ ಶೇಖರವಾಗುತ್ತದೆಯೇ ಎಂದು ಲೆಕ್ಕ ಹಾಕುವುದು ಹೇಗೆ?

ಟೈಟಾನಿಯಂ ಐಸೊಪ್ರೊಪಾಕ್ಸೈಡ್‌ಗೆ ಲಾಗ್ ಕೆಒಡಬ್ಲ್ಯು (ವಸ್ತು ನೀರಿಗಿಂತ, ಕೊಬ್ಬಿನ ಬದಲಿಗೆ ಬಳಸುವ ಆಕ್ಟನಾಲ್ ಎಂಬ ದ್ರವಕ್ಕೆ ಎಷ್ಟು ಒಲಿಯುತ್ತದೆ ಎಂಬ ಅಳತೆ) ಸಿಗುತ್ತಿಲ್ಲ, ಯಾವ ತಂತ್ರಾಂಶದ ಅಂಕಿ ನಂಬಲಿ ಎಂದು ಕೇಳಿದ್ದೀರಿ. ಯಾವುದನ್ನೂ ನಂಬಬೇಡಿ. ಇದೇ ದಾರಿಯಲ್ಲಿ ಹೋಗಿ ನಾನು ಒಂದು ವರ್ಷ ಕಳೆದುಕೊಂಡಿದ್ದೇನೆ.

ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ತೋಟಕ್ಕೆ ಎಲೆಚುಕ್ಕೆ ರೋಗ ಬಂದಿತ್ತು. ಊರೆಲ್ಲ ಮ್ಯಾಂಕೋಜೆಬ್ ಹೊಡೆಯುತ್ತಿದ್ದರು. ಮಳೆಗೆ ತೊಳೆದು ಕೆರೆ ಸೇರುವ ಈ ಔಷಧಿ ಮೀನಿನಲ್ಲಿ ಉಳಿಯುತ್ತದೆಯೇ ಎಂಬುದನ್ನೇ ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಆರಿಸಿಕೊಂಡೆ. ಮ್ಯಾಂಕೋಜೆಬ್ ಎಂದರೆ ಗಂಧಕವಿರುವ ಸಾವಯವ ಅಣುವಿಗೆ ಮ್ಯಾಂಗನೀಸ್ ಮತ್ತು ಸತು ಕಟ್ಟಿಕೊಂಡಿರುವ ವಸ್ತು. ನೀರಿನಲ್ಲಿ ಒಂದೆರಡು ದಿನಕ್ಕೆ ಒಡೆದುಹೋಗುತ್ತದೆ. ಅದನ್ನು ಓದಿಯೂ ಇದ್ದೆ. ಆದರೂ ರೋಹು ಮರಿಗಳನ್ನು ತಂದು ತೊಟ್ಟಿಗೆ ಬಿಟ್ಟು, 28 ದಿನ ಔಷಧಿ ಹಾಕಿ, ಮೀನಿನಲ್ಲಿ ಸತು ಎಷ್ಟಿದೆ ಎಂದು ಅಳೆದೆ. ಸತುವನ್ನೇ ಏಕೆ? ಲೋಹ ಅಳೆಯುವ ಪ್ರಯೋಗಾಲಯದ ಯಂತ್ರಕ್ಕೆ ಒಂದೊಂದು ಲೋಹಕ್ಕೂ ಬೇರೆ ದೀಪ ಬೇಕು; ಮ್ಯಾಂಗನೀಸ್ ದೀಪ ಇರಲಿಲ್ಲ, ಸತುವಿನ ದೀಪ ಇತ್ತು. ಅಷ್ಟೇ ಕಾರಣ.

ಮೀನಿನ ಸತುವನ್ನು ನೀರಿನ ಸತುವಿನಿಂದ ಭಾಗಿಸಿ, ಬಂದ ಅಂಕಿಯನ್ನು ಮ್ಯಾಂಕೋಜೆಬ್‌ನ ಬಿಸಿಎಫ್ (ನೀರಿಗಿಂತ ಮೀನಿನಲ್ಲಿ ಎಷ್ಟು ಪಟ್ಟು ಶೇಖರವಾಗುತ್ತದೆ ಎಂಬ ಅಂಕಿ) ಎಂದು ಬರೆದೆ. ಮೌಖಿಕ ಪರೀಕ್ಷೆಗೆ ಬಂದ ಹಿರಿಯರು ಕೋಷ್ಟಕದ ಮೇಲೆ ಬೆರಳಿಟ್ಟು ಕೇಳಿದರು: "ಅಲ್ಲಪ್ಪಾ, ಔಷಧಿ ಹಾಕದ ತೊಟ್ಟಿಯ ಮೀನಿಗೂ ಇದೇ ಲೆಕ್ಕ ಮಾಡಿ ನೋಡಿದ್ದೀಯಾ?"

ಮಾಡಿರಲಿಲ್ಲ. ಅಲ್ಲೇ ಕಾಗದದ ಅಂಚಿನಲ್ಲಿ ಭಾಗಿಸಿದೆ. ಎಲ್ಲಕ್ಕಿಂತ ದೊಡ್ಡ ಅಂಕಿ ಬಂದದ್ದು ಔಷಧಿಯ ಹನಿಯೂ ಬೀಳದ ತೊಟ್ಟಿಯಲ್ಲಿ!

ಇದು ಏಕಾಯಿತು ಎಂಬುದನ್ನು ಬಿಡಿಸಿ ಹೇಳುತ್ತೇನೆ, ನೀವು ಬೀಳಬಹುದಾದ ಗುಂಡಿಯೂ ಇದೇ. ಸತು ಮೀನಿಗೆ ಬೇಕೇ ಬೇಕಾದ ಲೋಹ. ನೀರಿನಲ್ಲಿ ಕಡಿಮೆ ಇದ್ದರೆ ಎಳೆದುಕೊಳ್ಳುತ್ತದೆ, ಹೆಚ್ಚಿದ್ದರೆ ಹೊರಹಾಕುತ್ತದೆ. ಮೈಯೊಳಗಿನ ಮಟ್ಟ ಹೆಚ್ಚು ಕದಲುವುದಿಲ್ಲ. ಉದಾಹರಣೆಗೆ ಮೀನಿನಲ್ಲಿ ಕಿಲೋಗೆ 30 ಮಿಲಿಗ್ರಾಂ, ನೀರಿನಲ್ಲಿ ಲೀಟರಿಗೆ 0.01 ಮಿಲಿಗ್ರಾಂ ಇದ್ದರೆ ಬಿಸಿಎಫ್ 3000. ನೀರಿಗೆ ಸತು ಸೇರಿಸಿ 0.3 ಮಾಡಿ, ಮೀನಿನಲ್ಲಿ 33 ಆಯಿತು ಎನ್ನಿ, ಬಿಸಿಎಫ್ 110ಕ್ಕೆ ಇಳಿಯುತ್ತದೆ. ರಾಸಾಯನಿಕಗಳ ಕುರಿತ ಯುರೋಪಿನ ರೀಚ್ ಕಾನೂನಿನ ಗೆರೆ 2000; ಅದನ್ನು ದಾಟಿದರೆ ವಸ್ತು ಮೈಯಲ್ಲಿ ಶೇಖರವಾಗುವಂಥದ್ದು ಎಂದು ಲೆಕ್ಕ. ಆ ಗೆರೆಯ ಪ್ರಕಾರ ಶುದ್ಧ ಬಾವಿನೀರಿನ ಮೀನು ಅಪಾಯದಲ್ಲಿದೆ, ವಿಷ ಬಿದ್ದ ನೀರಿನದು ಕ್ಷೇಮ! ನಾನು ಅಳೆದದ್ದು ಮೀನಿನ ಸ್ವಂತ ಸತುವನ್ನು. ಮ್ಯಾಂಕೋಜೆಬ್ ಆ ಹೊತ್ತಿಗೆ ತೊಟ್ಟಿಯಲ್ಲೇ ಇರಲಿಲ್ಲ. ಅದು ಒಡೆದು ಹುಟ್ಟುವ ಎಥಿಲೀನ್ ಥಯೋಯೂರಿಯಾವನ್ನು ನಾನು ಹುಡುಕಲೇ ಇಲ್ಲ. ಅದು ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಕೊಬ್ಬಿಗೆ ಅಂಟುವುದಿಲ್ಲ. ಅದರ ಕೇಡು ಥೈರಾಯ್ಡ್‌ಗೆ. ಪ್ರಬಂಧ ವಾಪಸು ಬಂತು.

ನಿಮ್ಮ ವಸ್ತುವಿನದು ಇನ್ನೂ ಸ್ಪಷ್ಟ. ಜುಲೈ ತಿಂಗಳ ಮಲೆನಾಡಿನ ಗಾಳಿಯಲ್ಲಿ ಆ ಬಾಟಲಿಯ ಮುಚ್ಚಳ ತೆರೆದು ನೋಡಿದ್ದೀರಾ? ಹೊಗೆಯಾಡುತ್ತದೆ, ಬಾಯಿಯ ಸುತ್ತ ಬಿಳಿ ಹಕ್ಕಳೆ ಕಟ್ಟುತ್ತದೆ. ಗಾಳಿಯ ತೇವಕ್ಕೇ ಹೀಗಾಗುವ ವಸ್ತುವನ್ನು ಆಕ್ಟನಾಲ್ ಮತ್ತು ನೀರಿನ ನಡುವೆ ಹಂಚಿ ಅಳೆಯುವುದು ಸಾಧ್ಯವೇ ಇಲ್ಲ. ಮೊದಲು ನೀರಿನಲ್ಲಿ ಎಷ್ಟು ಬೇಗ ಒಡೆಯುತ್ತದೆ ಎಂದು ತೋರಿಸಿ; ಪಿಎಚ್ 4, 7, 9ರಲ್ಲಿ ನೋಡುವ ಒಇಸಿಡಿ 111 ಎಂಬ ಅಂತರರಾಷ್ಟ್ರೀಯ ಪರೀಕ್ಷಾ ವಿಧಾನ ಇರುವುದೇ ಅದಕ್ಕೆ. ಆಮೇಲೆ ಒಡೆದು ಉಳಿಯುವ ಐಸೊಪ್ರೊಪನಾಲ್ ಮತ್ತು ಟೈಟಾನಿಯಂ ಬಗ್ಗೆ ಬರೆಯಿರಿ. ಐಸೊಪ್ರೊಪನಾಲ್‌ನ ಲಾಗ್ ಕೆಒಡಬ್ಲ್ಯು ಸೊನ್ನೆಯ ಆಸುಪಾಸು, ಅದರ ಚಿಂತೆ ಬೇಡ. ಟೈಟಾನಿಯಂ ಕರಗದ ಆಕ್ಸೈಡ್ ಆಗಿ ತಳ ಸೇರುತ್ತದೆ. ಅದಕ್ಕೆ ಲಾಗ್ ಕೆಒಡಬ್ಲ್ಯು ಎಂಬ ಮಾತೇ ಹೊಂದುವುದಿಲ್ಲ.

ಒಡೆಯುತ್ತದೆ ಎಂದ ಮಾತ್ರಕ್ಕೆ ನಿಶ್ಚಿಂತೆ ಎಂದೂ ಬರೆದುಬಿಡಬೇಡಿ. ಹಡಗಿನ ಬಣ್ಣಕ್ಕೆ ಬೆರೆಸುತ್ತಿದ್ದ ಟ್ರೈಬ್ಯುಟೈಲ್‌ಟಿನ್ ಆಕ್ಸೈಡ್‌ನಲ್ಲಿ ತವರ ಮತ್ತು ಆಮ್ಲಜನಕದ ಕೊಂಡಿ ನೀರಿನಲ್ಲಿ ಬಿಡುತ್ತದೆ, ತವರ ಮತ್ತು ಇಂಗಾಲದ್ದು ಬಿಡುವುದಿಲ್ಲ. ಆ ಉಳಿದ ತುಂಡೇ ಕಡಲ ಬಸವನಹುಳುಗಳ ಮೈಸೇರಿ, ಹೆಣ್ಣುಗಳಲ್ಲಿ ಗಂಡಿನ ಅಂಗ ಬೆಳೆಸಿತು. 2008ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದ ಹಡಗಿನ ಬಣ್ಣದಲ್ಲಿ ಅದನ್ನು ನಿಷೇಧಿಸಿತು. ನಿಮ್ಮದರಲ್ಲಿ ಲೋಹಕ್ಕೆ ನೇರವಾಗಿ ಅಂಟಿದ ಇಂಗಾಲ ಇಲ್ಲ. ಇರುವುದು ಟೈಟಾನಿಯಂ ಮತ್ತು ಆಮ್ಲಜನಕದ ಕೊಂಡಿ; ವರದಿಯ ಮೊದಲ ಪುಟದಲ್ಲೇ ಅದರ ಚಿತ್ರ ಬಿಡಿಸಿ.