ಆ ಆರು ನಿಮಿಷ ಎಲ್ಲಿಯೂ ಹೋಗಿಲ್ಲ

ಶಿವಮೊಗ್ಗದ ಓದುಗರೊಬ್ಬರ ಪತ್ರ: ‘ಮೈಕಲ್ ಪೊವೆಲ್ ಮತ್ತು ಎಮೆರಿಕ್ ಪ್ರೆಸ್‌ಬರ್ಗರ್ ಅವರ “ದಿ ಲೈಫ್ ಅಂಡ್ ಡೆತ್ ಆಫ್ ಕರ್ನಲ್ ಬ್ಲಿಂಪ್” 163 ನಿಮಿಷಗಳ ಚಿತ್ರವೆಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಲಂಡನ್ನಿನಿಂದ ಮಗಳು ತಂದುಕೊಟ್ಟ ಡಿವಿಡಿಯ ಮೇಲೆ 157 ನಿಮಿಷ ಎಂದಿದೆ. ನನಗೆ ಸಿಕ್ಕಿರುವುದು ಕತ್ತರಿಸಿದ ಪ್ರತಿಯೇ? ಇನ್ನೊಂದು ಸಂದೇಹ. ಕತ್ತರಿಸಿದ ಚಿತ್ರಗಳನ್ನೇ ಜನ ಇಷ್ಟು ವರ್ಷ ಮೆಚ್ಚಿ ನೋಡಿದ್ದಾರಲ್ಲ, ಅವುಗಳನ್ನು ಮತ್ತೆ ಉದ್ದ ಮಾಡುವ ಹಟವೇಕೆ? ಕೊನೆಯದಾಗಿ, “ದಿ ಥರ್ಡ್ ಮ್ಯಾನ್” ಕೊಳ್ಳಬೇಕೆಂದಿದ್ದೇನೆ. ಏನು ನೋಡಿ ಕೊಳ್ಳಲಿ?’

ಮಾನ್ಯರೇ,

ನಿಶ್ಚಿಂತರಾಗಿರಿ. ಲೆಕ್ಕ ಹಾಕಿದರೆ ನಿಮ್ಮ ಡಿವಿಡಿಯಲ್ಲಿ ಇರುವುದು ಪೂರ್ಣ ಚಿತ್ರವೇ. ಚಿತ್ರಮಂದಿರದಲ್ಲಿ ಸಿನಿಮಾ ಸೆಕೆಂಡಿಗೆ 24 ಫ್ರೇಮ್‌ಗಳಂತೆ ಓಡುತ್ತದೆ. ಬ್ರಿಟನ್ನಿನಲ್ಲಿಯೂ ನಮ್ಮಲ್ಲಿಯೂ ಇದ್ದ ಪಾಲ್ ಎಂಬ ಟಿವಿ ಪದ್ಧತಿ ಸೆಕೆಂಡಿಗೆ 25 ಫ್ರೇಮ್‌ಗಳದು. ಆ ಪದ್ಧತಿಯ ಡಿವಿಡಿಗಳಲ್ಲಿ ಸಾಮಾನ್ಯವಾಗಿ ಚಿತ್ರವನ್ನು ತುಸು ವೇಗವಾಗಿ ಓಡಿಸಿ ಹೊಂದಿಸಿರುತ್ತಾರೆ. ನೂರು ನಿಮಿಷದ ಚಿತ್ರ 96ಕ್ಕೆ ಮುಗಿಯುತ್ತದೆ, 163 ನಿಮಿಷದ್ದು ಸುಮಾರು 157ಕ್ಕೆ. ದೃಶ್ಯಗಳೆಲ್ಲ ಇದ್ದಲ್ಲೇ ಇರುತ್ತವೆ. ಧ್ವನಿಯ ಶ್ರುತಿ ಮಾತ್ರ ಕೊಂಚ ಏರಿರಬಹುದು. ಸಂಗೀತ ಬಲ್ಲವರ ಕಿವಿಗೆ ಅದು ತಿಳಿದೀತು. ಬ್ಲೂ-ರೇ ತಟ್ಟೆಯಲ್ಲಿ 24 ಫ್ರೇಮ್‌ಗಳ ವೇಗವೇ ಇರುವುದರಿಂದ ಅಲ್ಲಿ 163 ಎಂದೇ ಕಾಣುತ್ತದೆ.

ಆದರೂ ಒಮ್ಮೆ ಪರೀಕ್ಷಿಸಿ ನೋಡಿ, ಏಕೆಂದರೆ ಈ ಚಿತ್ರ ನಿಜವಾಗಿಯೂ ಕತ್ತರಿಗೆ ಸಿಕ್ಕಿ ನರಳಿದೆ. 1943ರಲ್ಲಿ, ಯುದ್ಧ ನಡೆಯುತ್ತಿರುವಾಗಲೇ, ಒಬ್ಬ ಒಳ್ಳೆಯ ಜರ್ಮನ್ ಅಧಿಕಾರಿಯನ್ನೂ ಕಾಲ ಮೀರಿದ ಒಬ್ಬ ಬ್ರಿಟಿಷ್ ಜನರಲ್‌ನನ್ನೂ ಗೆಳೆಯರನ್ನಾಗಿ ತೋರಿಸಿದ್ದಕ್ಕೆ ಚರ್ಚಿಲ್ ಕೆಂಡವಾಗಿದ್ದರು. ಚಿತ್ರವನ್ನು ನಿಲ್ಲಿಸಲೂ ನೋಡಿದರು. ಅದು ಅವರಿಂದ ಆಗಲಿಲ್ಲ. ಚಿತ್ರಕ್ಕೆ ಹೆಚ್ಚಿನ ಕೇಡು ಮಾಡಿದವರು ಆಮೇಲಿನ ವಿತರಕರು. ಅಮೆರಿಕದಲ್ಲಿ ಅದನ್ನು ಕತ್ತರಿಸುತ್ತಾ ಹೋಗಿ ಒಂದು ಹಂತದಲ್ಲಿ ಸುಮಾರು 90 ನಿಮಿಷಕ್ಕೆ ಇಳಿಸಿದರು. ಅಷ್ಟು ಸಾಲದೆಂಬಂತೆ, ಹಿಂದಕ್ಕೆ ಹೋಗಿ ಕಥೆ ಹೇಳುವ ಕ್ರಮವನ್ನೇ ಕಿತ್ತುಹಾಕಿ, ಯೌವನದಿಂದ ಮುಪ್ಪಿನವರೆಗೆ ನೇರ ಸಾಲಿನಲ್ಲಿ ಜೋಡಿಸಿದರು.

ಇದರಿಂದ ಆದ ನಷ್ಟವನ್ನು ನಿಮಿಷಗಳಲ್ಲಿ ಎಣಿಸಲು ಬರುವುದಿಲ್ಲ. ಮೂಲದಲ್ಲಿ ನಾವು ಮೊದಲು ಕಾಣುವುದು ಸ್ನಾನಗೃಹದಲ್ಲಿ ಬೆವರುತ್ತಿರುವ ಬೋಳುತಲೆಯ ಮುದುಕ, ಅದೇ ಬ್ರಿಟಿಷ್ ಜನರಲ್ ಕ್ಯಾಂಡಿಯನ್ನು. ಅವನ ಹೊಟ್ಟೆಯನ್ನೂ ಮೀಸೆಯನ್ನೂ ಕಿರಿಯ ಅಧಿಕಾರಿಯೊಬ್ಬ ಹಂಗಿಸುತ್ತಾನೆ. ನಾನು ಈ ಮೀಸೆ ಏಕೆ ಬಿಟ್ಟೆ ಎಂಬುದು ನಿನಗೇನು ಗೊತ್ತು ಎಂದು ಸಿಟ್ಟಾದ ಮುದುಕ ಅವನನ್ನು ಹಿಡಿದುಕೊಂಡು ಕೊಳಕ್ಕೆ ಬೀಳುತ್ತಾನೆ. ಕ್ಯಾಮೆರಾ ನೀರಿನ ಮೇಲೆ ಸಾಗುತ್ತದೆ. ಆಚೆ ತುದಿಯಲ್ಲಿ ಮೇಲೆದ್ದು ಬರುವವನು 1902ರ ತರುಣ ಕ್ಯಾಂಡಿ! ಬರ್ಲಿನ್ನಿನ ದ್ವಂದ್ವಯುದ್ಧದಲ್ಲಿ ಆದ ಗಾಯದ ಗುರುತನ್ನು ಮುಚ್ಚಲು ಬಿಟ್ಟ ಮೀಸೆ ಅದು ಎಂದು ಬಹಳ ಹೊತ್ತಿನ ಮೇಲೆ ನಮಗೆ ತಿಳಿಯುತ್ತದೆ. ಅಷ್ಟು ಹೊತ್ತಿಗೆ, ಮೊದಲ ದೃಶ್ಯದಲ್ಲಿ ಅವನನ್ನು ನೋಡಿ ನಕ್ಕ ನಾವು ನಾಚಿಕೊಂಡಿರುತ್ತೇವೆ. ನೇರ ಸಾಲಿನ ಪ್ರತಿಯಲ್ಲಿ ಮೀಸೆಯ ಕಾರಣ ಮೊದಲೇ ಗೊತ್ತಾಗಿಬಿಡುವುದರಿಂದ ಆ ಪ್ರಶ್ನೆ ಹುಟ್ಟುವುದೇ ಇಲ್ಲ. ನಿಮ್ಮ ಡಿವಿಡಿಯಲ್ಲಿ ಮುದುಕ ನೀರಿಗೆ ಬಿದ್ದು ತರುಣ ಮೇಲೆದ್ದರೆ ಕಥೆ ಮೂಲ ಕ್ರಮದಲ್ಲೇ ಇದೆ ಎಂದು ತಿಳಿಯಿರಿ.

ನಿಮ್ಮ ಎರಡನೆಯ ಪ್ರಶ್ನೆಗೂ ನನ್ನ ಉತ್ತರ ಇದರಲ್ಲೇ ಇದೆ. ಸಿಂಹವನ್ನು ಕುರಿಯಂತೆ ಕತ್ತರಿಸಿ ಮಾರಿದವರು ಅದನ್ನು ಸಿಂಹ ಎಂದೇ ಕರೆಯಬಾರದು. ಜನ ಮೆಚ್ಚಿದರು ಎನ್ನುತ್ತೀರಿ. ಹೌದು, ಆದರೆ ತಮ್ಮ ಮುಂದೆ ಇರುವುದು ಉಳಿಕೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಇದೇ ಜೋಡಿಯ 1947ರ ‘ಬ್ಲ್ಯಾಕ್ ನಾರ್ಸಿಸಸ್’ ಚಿತ್ರವನ್ನು ನೋಡಿ. ನಮ್ಮ ಮೈಸೂರು ಸೀಮೆಯ ಕಾರಾಪುರದ ಮಾವುತನ ಮಗ ಸಾಬು ಅದರಲ್ಲಿ ರಾಜಕುವರನಾಗಿ ನಟಿಸಿದ್ದಾರೆ. ಸನ್ಯಾಸಿನಿಯಾಗುವ ಮೊದಲು ಸಿಸ್ಟರ್ ಕ್ಲೋಡಾ ಐರ್ಲೆಂಡಿನಲ್ಲಿ ಪ್ರೀತಿಸಿದ್ದಳು ಎಂಬ ನೆನಪಿನ ದೃಶ್ಯಗಳನ್ನು ಕ್ಯಾಥೊಲಿಕ್ ಸಂಘಟನೆಯ ಒತ್ತಡಕ್ಕೆ ಮಣಿದು ಅಮೆರಿಕದಲ್ಲಿ ತೆಗೆದರು. ಆ ನೆನಪುಗಳಿಲ್ಲದಿದ್ದರೆ ಅವಳು ಬರಿಯ ಒಣ ಹೆಂಗಸಾಗಿ ಕಾಣುತ್ತಾಳೆ. ನಟಿ ಡೆಬೊರಾ ಕೆರ್‌ಗೆ ಇದಕ್ಕಿಂತ ದೊಡ್ಡ ಅನ್ಯಾಯ ಬೇಕೇ?

ಹಾಗೆಂದು ಉದ್ದವಿದ್ದಷ್ಟೂ ಶ್ರೇಷ್ಠ ಎಂದು ನಾನು ಒಪ್ಪುವುದಿಲ್ಲ. ಡೇವಿಡ್ ಲೀನ್ ಅವರ ‘ಲಾರೆನ್ಸ್ ಆಫ್ ಅರೇಬಿಯಾ’ 1962ರಲ್ಲಿ ಮೊದಲು ತೆರೆಕಂಡಾಗ 222 ನಿಮಿಷವಿತ್ತು. ಕೆಲವೇ ವಾರಗಳಲ್ಲಿ ಸುಮಾರು 20 ನಿಮಿಷ ಹೋಯಿತು, ಮರುಬಿಡುಗಡೆಯ ಹೊತ್ತಿಗೆ ಉಳಿದದ್ದು 187. ರಾಬರ್ಟ್ ಹ್ಯಾರಿಸ್ ಮತ್ತು ಸಂಗಡಿಗರು ಕಳೆದುಹೋದ ತುಣುಕುಗಳನ್ನು ಹುಡುಕಿ ತೆಗೆದಾಗ ಕೆಲವಕ್ಕೆ ಧ್ವನಿಯೇ ಇರಲಿಲ್ಲ. ಪೀಟರ್ ಒ’ಟೂಲ್, ಅಲೆಕ್ ಗಿನ್ನೆಸ್ ಕಾಲು ಶತಮಾನದ ನಂತರ ಬಂದು ತಮ್ಮ ಮಾತುಗಳನ್ನು ಮತ್ತೆ ಆಡಿದರು. ಜ್ಯಾಕ್ ಹಾಕಿನ್ಸ್ ತೀರಿಕೊಂಡಿದ್ದರಿಂದ ಅವರಿಗೆ ಚಾರ್ಲ್ಸ್ ಗ್ರೇ ಧ್ವನಿ ಕೊಟ್ಟರು. ಎಲ್ಲ ಕೈಗೆ ಬಂದ ಮೇಲೂ ಲೀನ್ ತಮ್ಮ ಕೈಯಾರೆ ಅಲ್ಲಲ್ಲಿ ಟ್ರಿಮ್ ಮಾಡಿದರು. 1989ರ ಆ ರೂಪ ಮೊದಲ ಪ್ರದರ್ಶನದ್ದಕ್ಕಿಂತ ಚಿಕ್ಕದು. ಅದನ್ನೇ ನಾನು ಪ್ರಮಾಣವೆಂದು ಒಪ್ಪುತ್ತೇನೆ. ಕತ್ತರಿ ಯಾರ ಕೈಯಲ್ಲಿತ್ತು ಎಂಬುದೇ ನನಗೆ ಮುಖ್ಯ.

ಹೊಸ ಡಿಸ್ಕ್‌ಗಳ ಬಗ್ಗೆಯೂ ಒಂದು ಮಾತು. ಕಳೆದ ದೃಶ್ಯ ಸೇರಿಸುವುದು ಬೇರೆ ಕೆಲಸ, ಇರುವ ದೃಶ್ಯಕ್ಕೆ ಜೀವ ತುಂಬುವುದು ಬೇರೆ. ‘ಬ್ಲಿಂಪ್’ ಚಿತ್ರಕ್ಕೆ ಮೊದಲು ಕತ್ತರಿಸಿದ ಭಾಗಗಳು ಮರಳಿದವು. 2011ರ ಸುಮಾರಿಗೆ ಅದರ ಬಣ್ಣವನ್ನು ಸರಿಪಡಿಸಲಾಯಿತು. ಹಳೆಯ ಟೆಕ್ನಿಕಲರ್‌ನಲ್ಲಿ ಕೆಂಪು, ಹಸಿರು, ನೀಲಿಗೆ ಒಂದೊಂದರಂತೆ ಮೂರು ಕಪ್ಪು-ಬಿಳುಪು ನೆಗೆಟಿವ್‌ಗಳಿರುತ್ತಿದ್ದವು. ದಶಕಗಳು ಉರುಳಿದಂತೆ ಮೂರೂ ಒಂದೊಂದು ಪ್ರಮಾಣದಲ್ಲಿ ಕುಗ್ಗಿ, ಮುಖಗಳ ಅಂಚಿನಲ್ಲಿ ಬಣ್ಣ ಚೆಲ್ಲಿದಂತೆ ಕಾಣತೊಡಗಿದವು. ಮೂರನ್ನೂ ಬೇರೆ ಬೇರೆ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಕರಾರುವಾಕ್ಕಾಗಿ ಕೂಡಿಸಬೇಕಾಯಿತು. ಪೊವೆಲ್ ಅವರ ಪತ್ನಿ, ಸಂಕಲನಕಾರ್ತಿ ಥೆಲ್ಮಾ ಸ್ಕೂನ್‌ಮೇಕರ್ ಮತ್ತು ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕೋರ್ಸೆಸಿ ಈ ಕೆಲಸದ ಬೆನ್ನಿಗೆ ನಿಂತರು. ನಿಮ್ಮದು ಅದಕ್ಕಿಂತ ಹಿಂದಿನ ಡಿವಿಡಿಯಾಗಿದ್ದರೆ, ಕಥೆ ಪೂರ್ಣವಿದ್ದರೂ ಈ ಹೊಳಪು ಅದರಲ್ಲಿ ಇರುವುದಿಲ್ಲ. ಕೈಯಲ್ಲಿ ಹಣವಿದ್ದರೆ ಬ್ಲೂ-ರೇ ಕೊಳ್ಳಿ.

ಇನ್ನು ‘ದಿ ಥರ್ಡ್ ಮ್ಯಾನ್’. ಬ್ರಿಟಿಷ್ ಪ್ರತಿ 104 ನಿಮಿಷ, ಅಮೆರಿಕದಲ್ಲಿ ಕತ್ತರಿಸಿದ್ದು 93. ಪಾಲ್ ಡಿವಿಡಿಯ ಮೇಲೆ 100 ಎಂದಿದ್ದರೆ ಹೆದರಬೇಡಿ, ಅದು ಪೂರ್ಣ ಚಿತ್ರವೇ. ಪೆಟ್ಟಿಗೆಯ ಮೇಲಿನ ಅಂಕಿಯಲ್ಲಿ ನಂಬಿಕೆ ಬಾರದಿದ್ದರೆ ಮೊದಲ ನಿಮಿಷದ ನಿರೂಪಣೆ ಕೇಳಿ. ಬ್ರಿಟಿಷ್ ಪ್ರತಿಯಲ್ಲಿ ವಿಯೆನ್ನಾ ನಗರವನ್ನು ಪರಿಚಯಿಸುವುದು ನಿರ್ದೇಶಕ ಕ್ಯಾರಲ್ ರೀಡ್ ಅವರ ಧ್ವನಿ, ಅಮೆರಿಕದ ಪ್ರತಿಯಲ್ಲಿ ನಾಯಕ ನಟ ಜೋಸೆಫ್ ಕಾಟನ್ ಅವರದು. ರೀಡ್ ಮಾತನಾಡುವ ಪ್ರತಿಯನ್ನೇ ಕೊಳ್ಳಿ.

— ಸಂಪಾದಕ