ಪಾಚಿ ಕಂದು ಆಗೋದಕ್ಕೆ ಬೆಳಕು ಕಡಿಮೆಯಾಗಿದ್ದೇ ಕಾರಣವಾ?

ಡಾರ್ಟ್ ಕಪ್ಪೆಗಳ (ತೇವದ ಕಾಡಿನ ಪುಟ್ಟ, ಬಣ್ಣಬಣ್ಣದ ಕಪ್ಪೆಗಳು) ಗಾಜಿನ ಟ್ಯಾಂಕಿಗೆ 50 ವ್ಯಾಟ್ ಹ್ಯಾಲೊಜೆನ್ ಬಲ್ಬ್ ಹಾಕಿದ್ದೀರಿ, ಒಳಗಿನ ಪಾಚಿ (ಮಾಸ್) ಕಂದಾಗ್ತಿದೆ, ಇನ್ನೂ ಜೋರಾದ ಬಲ್ಬ್ ಬೇಕಾ ಅಂತ ಕೇಳಿದ್ದೀರಿ. ಬೇಡ. ಇರೋದನ್ನೂ ತೆಗೆದುಬಿಡಿ.

ಪಾಚಿಯನ್ನು ಹತ್ತಿರದಿಂದ ನೋಡಿ. ಬೆಳಕು ಸಾಲದಿದ್ದರೆ ಎಳೆಗಳು ತೆಳ್ಳಗೆ, ಪೇಲವವಾಗಿ ಮೇಲಕ್ಕೆ ಚಾಚುತ್ತವೆ. ತುದಿ ಕಂದಾಗಿ, ಮುಟ್ಟಿದರೆ ಗರಿಗರಿ ಅಂದರೆ ಅದು ಒಣಗಿದ್ದು. ಪಾಚಿಗೆ ನಿಜವಾದ ಬೇರಿಲ್ಲ, ನೀರನ್ನು ಎಲೆಯಿಂದಲೇ ಹೀರಬೇಕು. ಹ್ಯಾಲೊಜೆನ್ ಬಿಸಿಗೆ ಮೊದಲು ಸೊರಗೋದೇ ಅದು. ಕಪ್ಪೆಗಳಿಗೂ 22ರಿಂದ 26 ಡಿಗ್ರಿ ಸೆಲ್ಸಿಯಸ್ ಸಾಕು, ಅದಕ್ಕಿಂತ ಜಾಸ್ತಿ ಬಿಸಿ ಅವಕ್ಕೆ ಅಪಾಯ.

6500 ಕೆಲ್ವಿನ್‌ನ (ಅಂದರೆ ಹಗಲಿನ ಬೆಳಕಿನಂಥ ಬಣ್ಣದ) ಸಾದಾ ಬಿಳಿ ಎಲ್‌ಇಡಿ ಪಟ್ಟಿಯನ್ನು ಗಾಜಿನ ಮುಚ್ಚಳದ ಮೇಲೆ ಇಡಿ. ಟೈಮರ್ ಹಾಕಿ, ದಿನಕ್ಕೆ 10–12 ಗಂಟೆ. ಗಿಡ ಬೆಳೆಸೋಕೆ ಅಂತ ಮಾರೋ ನೇರಳೆ ಬಣ್ಣದ ಗ್ರೋ ಲೈಟ್ ಸುಮ್ನೆ ದುಡ್ಡು ದಂಡ, ಅದರಡಿ ಕಪ್ಪೆಯ ಚಂದದ ಬಣ್ಣವೂ ಕಾಣಲ್ಲ. ಯುವಿಬಿ (ಒಂದು ಬಗೆಯ ಅತಿನೇರಳೆ ಕಿರಣ) ಕೂಡ ಪಾಚಿಗೆ ಬೇಕಿಲ್ಲ. ಕಪ್ಪೆಗೆ ಅಂತ ಹಾಕೋದಾದರೆ ಸಾಮಾನ್ಯ ಗಾಜು ಅದನ್ನು ತಡೆಯುತ್ತೆ, ಆ ಭಾಗಕ್ಕೆ ಮಾತ್ರ ಜಾಲರಿ ಬೇಕು. ಗಾಜಿಗೆ ಹಸಿರು ಲೋಳೆ ಕಟ್ಟೋಕೆ ಶುರುವಾದರೆ ಬೆಳಕು ಹೆಚ್ಚಾಯ್ತು ಅಂತ ಲೆಕ್ಕ, ಎರಡು ಗಂಟೆ ಇಳಿಸಿ.

ಲೈಟ್ ಬದಲಿಸಿದ ಮೇಲೂ ಕಂದಾಗ್ತಿದ್ದರೆ ಅನುಮಾನ ನೀರಿನ ಮೇಲೆ. ಬೋರ್‌ವೆಲ್ ನೀರು ಸಿಂಪಡಿಸ್ತಿದ್ದೀರಾ? ಅದರ ಉಪ್ಪು ಎಲೆ ಮೇಲೇ ಕೂರುತ್ತೆ. ಆರ್‌ಒ ನೀರೋ ಶುದ್ಧ ಮಳೆನೀರೋ ಬಳಸಿ. ಅಂದಹಾಗೆ, ಈಗಾಗಲೇ ಕಂದಾದ ಎಳೆ ಮತ್ತೆ ಹಸಿರಾಗೋದು ಕಷ್ಟ, ಪಕ್ಕದಿಂದ ಹೊಸ ಚಿಗುರು ಬರುತ್ತಾ ನೋಡಿ.