ಕಂಪ್ಯೂಟರ್ ಕೇಳಿ ತಿಳಿಯಿರಿ: ಟರ್ಮಿನಲ್‌ನಲ್ಲೇ ಕ್ಯಾಲೆಂಡರ್, ರಜೆ ಪಟ್ಟಿ

ಪ್ರಶ್ನೆ: ಮೇಡಂ, ನಾನು ತೀರ್ಥಹಳ್ಳಿ ಕಡೆಯ ಒಂದು ಸಹಕಾರ ಸಂಘದಲ್ಲಿ ಗುಮಾಸ್ತ. ನಮ್ಮ ಹಳೇ ಕಂಪ್ಯೂಟರಿಗೆ ಈಗ ಉಬುಂಟು ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿಸಿದ್ದೇವೆ. ಮಳೆಗಾಲದಲ್ಲಿ ನೆಟ್ ಸಿಗುವುದೇ ಕಷ್ಟ. ಬ್ಯಾಂಕಿಗೆ ಯಾವತ್ತು ರಜೆ ಅನ್ನುವುದು ನಮಗೆ ಎರಡು ದಿನ ಮೊದಲೇ ಗೊತ್ತಾಗಬೇಕು. ಟರ್ಮಿನಲ್‌ನಲ್ಲೇ ಕ್ಯಾಲೆಂಡರ್ ತೋರಿಸುವ ಉಚಿತ ಪ್ರೋಗ್ರಾಂ ಇದೆಯಂತೆ. ಅದರಲ್ಲಿ ರಜೆಗಳೂ ಬರುತ್ತವಾ?
– ಓದುಗರು, ಶಿವಮೊಗ್ಗ ಜಿಲ್ಲೆ

ಉತ್ತರ: ಇದೆ. ಒಂದಲ್ಲ, ನಿಮ್ಮ ಕೆಲಸಕ್ಕೆ ಬರುವಂಥವು ಮೂರಿವೆ: ಕಾಲ್, ಜಿಕಾಲ್, ರಿಮೈಂಡ್. ಮೂರೂ ಉಚಿತ. ಒಂದು ಸಲ ನೆಟ್ ಇದ್ದಾಗ ಇಳಿಸಿಕೊಂಡರೆ ಸಾಕು, ಆಮೇಲೆ ನೆಟ್ ಬೇಕಾಗಿಯೇ ಇಲ್ಲ. (ಟರ್ಮಿನಲ್ ಅಂದರೆ ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿ. ಇಲ್ಲಿ ಆಜ್ಞೆಗಳನ್ನು ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಒತ್ತಬೇಕು.)

ಕಾಲ್ ಎಲ್ಲಕ್ಕಿಂತ ಹಳೆಯದು, ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ 1971ರ ಮೊದಲ ಆವೃತ್ತಿಯಿಂದಲೂ ಇದೆ. ಸಿ, ಎ, ಎಲ್ ಒತ್ತಿ ಎಂಟರ್ ಹೊಡೆದರೆ ಈ ತಿಂಗಳು ಬರುತ್ತದೆ. ಮುಂದೆ ಹೈಫನ್ 3 ಸೇರಿಸಿದರೆ ಹಿಂದಿನ ತಿಂಗಳು, ಮುಂದಿನ ತಿಂಗಳು ಎರಡೂ ಅಕ್ಕಪಕ್ಕ ಬರುತ್ತವೆ. ಈಗಿನ ಉಬುಂಟುವಿನಲ್ಲಿ 'ಕಾಲ್ ಸಿಗಲಿಲ್ಲ' ಅಂತ ಬಂದರೆ ಗಾಬರಿ ಬೇಡ. ಎನ್‌ಕಾಲ್ ಎಂಬ ಪ್ಯಾಕೇಜ್ ಹಾಕಿಕೊಳ್ಳಿ, ಅದರ ಜೊತೆಗೇ ಕಾಲ್ ಬರುತ್ತದೆ. ಆದರೆ ಕಾಲ್‌ಗೆ ರಜೆ ಗಿಜೆ ಏನೂ ಗೊತ್ತಿಲ್ಲ.

ನಿಮಗೆ ಬೇಕಾಗಿರುವುದು ರಿಮೈಂಡ್. ಡಯಾನ್ ಸ್ಕೋಲ್ ಎಂಬ ಪ್ರೋಗ್ರಾಮರ್ ಬರೆದು, ಬಹಳ ಕಾಲದಿಂದ ನೋಡಿಕೊಂಡು ಬಂದಿರುವ ಪ್ರೋಗ್ರಾಂ ಇದು. ಇದನ್ನು ನಾನು ಯಾಕೆ ಇಷ್ಟಪಡುತ್ತೇನೆ ಅಂದರೆ, ನಾನೂ ಲೆಕ್ಕದ ಮೇಜಿನ ಮುಂದೆ ಕೂತು ಬಂದವಳು. ಶನಿವಾರ ಬೆಳಿಗ್ಗೆ ಚೆಕ್ ಹಿಡಿದುಕೊಂಡು ಬಸ್ಸಿನಲ್ಲಿ ಬಂದು, ಮುಚ್ಚಿದ ಶಟರ್ ನೋಡಿ ವಾಪಸ್ ಹೋಗುವ ರೈತರ ಮುಖ ನನಗೆ ಗೊತ್ತು.

ನಿಮ್ಮ ಹೋಮ್ ಫೋಲ್ಡರಿನಲ್ಲಿ ರಿಮೈಂಡರ್ಸ್ ಎಂಬ ಹೆಸರಿನ ಒಂದು ಸಾದಾ ಟೆಕ್ಸ್ಟ್ ಫೈಲ್ ಮಾಡಿ. ಹೆಸರಿನ ಶುರುವಿನಲ್ಲೇ ಒಂದು ಚುಕ್ಕಿ ಇರಲೇಬೇಕು. ಚುಕ್ಕಿ ಇರುವ ಫೈಲು ಕಣ್ಣಿಗೆ ಬೀಳುವುದಿಲ್ಲ, ಫೋಲ್ಡರಿನಲ್ಲಿ ಕಂಟ್ರೋಲ್ ಎಚ್ ಒತ್ತಿದರೆ ಕಾಣುತ್ತದೆ. ಅದರೊಳಗೆ ಒಂದು ಸಾಲಿಗೆ ಒಂದು ವಿಷಯ. ಉದಾಹರಣೆಗೆ:

ರೆಮ್ 1 ನವ್ ಎಂಎಸ್‌ಜಿ ಕನ್ನಡ ರಾಜ್ಯೋತ್ಸವ

ಇಲ್ಲಿ ವರ್ಷ ಬರೆದಿಲ್ಲ ಅಲ್ವಾ? ಹಾಗಾಗಿ ಪ್ರತಿ ವರ್ಷವೂ ನವೆಂಬರ್ ಒಂದಕ್ಕೆ ಇದು ಬರುತ್ತದೆ. ಜನವರಿ 26, ಆಗಸ್ಟ್ 15, ಅಕ್ಟೋಬರ್ 2, ಡಿಸೆಂಬರ್ 25 ಇವನ್ನೂ ಹೀಗೇ ಒಮ್ಮೆ ಬರೆದು ಮರೆತುಬಿಡಬಹುದು. ವಾರ್ಷಿಕ ಲೆಕ್ಕ ಮುಗಿಸಲು ಬ್ಯಾಂಕಿನವರು ಏಪ್ರಿಲ್ 1ರಂದು ಗಿರಾಕಿಗಳಿಗೆ ಬಾಗಿಲು ಹಾಕುತ್ತಾರಲ್ಲ, ಅದನ್ನೂ ಬಿಡಬೇಡಿ.

ಈಗ ಮುಖ್ಯವಾದದ್ದು, ಶನಿವಾರ. 2015ರ ಸೆಪ್ಟೆಂಬರ್ 1ರಿಂದ ಬ್ಯಾಂಕುಗಳಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಐದನೇ ಶನಿವಾರ ಬಂದರೆ ಅವತ್ತು ಕೆಲಸ ಇರುತ್ತದೆ. ರಿಮೈಂಡ್‌ನಲ್ಲಿ ಇದಕ್ಕೆ ಎರಡೇ ಸಾಲು ಸಾಕು:

ರೆಮ್ ಸ್ಯಾಟ್ 8 +2 ಎಂಎಸ್‌ಜಿ ಬ್ಯಾಂಕ್ ರಜೆ
ರೆಮ್ ಸ್ಯಾಟ್ 22 +2 ಎಂಎಸ್‌ಜಿ ಬ್ಯಾಂಕ್ ರಜೆ

ಸ್ಯಾಟ್ 8 ಅಂದರೆ '8ನೇ ತಾರೀಖು ಅಥವಾ ಅದರ ನಂತರ ಬರುವ ಮೊದಲ ಶನಿವಾರ' ಎಂದರ್ಥ. ಯಾವ ತಿಂಗಳನ್ನೇ ತೆಗೆದುಕೊಳ್ಳಿ, ಎರಡನೇ ಶನಿವಾರ 8ರಿಂದ 14ರೊಳಗೇ ಬೀಳಬೇಕು. ನಾಲ್ಕನೆಯದು 22ರಿಂದ 28ರೊಳಗೆ. ತಿಂಗಳು, ವರ್ಷ ಯಾವುದನ್ನೂ ಹೇಳದಿರುವುದರಿಂದ ಎಲ್ಲ ತಿಂಗಳಿಗೂ ಇದೇ ಅನ್ವಯಿಸುತ್ತದೆ. +2 ಹಾಕಿರುವುದರಿಂದ ಗುರುವಾರದಿಂದಲೇ ಎಚ್ಚರಿಸಲು ಶುರುಮಾಡುತ್ತದೆ. ಎಂಎಸ್‌ಜಿ ಆದಮೇಲಿನ ಮಾತಿನಲ್ಲಿ ಪರ್ಸೆಂಟ್ ಚಿಹ್ನೆ ಮತ್ತು ಬಿ ಅಕ್ಷರ ಸೇರಿಸಿದರೆ ಇವತ್ತಾ, ನಾಳೆಯಾ, ಎಷ್ಟು ದಿನ ಇದೆ ಅನ್ನುವುದನ್ನೂ ಇಂಗ್ಲಿಷಿನಲ್ಲಿ ಹೇಳುತ್ತದೆ.

ಬೆಳಿಗ್ಗೆ ಬಂದ ತಕ್ಷಣ ಟರ್ಮಿನಲ್‌ನಲ್ಲಿ ರೆಮ್ ಎಂದಷ್ಟೇ ಒತ್ತಿ. ಅವತ್ತಿನದು ಬರುತ್ತದೆ. ರೆಮ್ ಹೈಫನ್ ಸಿ ಎಂದರೆ ಇಡೀ ತಿಂಗಳ ಕ್ಯಾಲೆಂಡರ್ ಬರುತ್ತದೆ, ಆಯಾ ಮನೆಯೊಳಗೆ ರಜೆಯ ಹೆಸರು ಇರುತ್ತದೆ.

ಪ್ರಶ್ನೆ: ಎನ್‌ಕಾಲ್ ಪ್ರೋಗ್ರಾಂ ಈಸ್ಟರ್ ಯಾವತ್ತು ಅಂತ ಯಾವ ವರ್ಷದ್ದು ಕೇಳಿದರೂ ಹೇಳುತ್ತದೆ. ಯುಗಾದಿ, ಗಣೇಶ ಚೌತಿ ಮಾತ್ರ ಯಾಕೆ ಹೇಳುವುದಿಲ್ಲ? ನಮ್ಮ ಹಬ್ಬಗಳೆಂದರೆ ಅಸಡ್ಡೆಯೇ?
– ಓದುಗರು, ಹಾಸನ

ಉತ್ತರ: ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಕಾರಣ ಅಸಡ್ಡೆ ಅಲ್ಲ, ಲೆಕ್ಕವೇ ಬೇರೆ.

ಈಸ್ಟರ್ ಕೂಡ ಹುಣ್ಣಿಮೆ ನೋಡಿ ಬರುವ ಹಬ್ಬವೇ. ಆದರೆ ಚರ್ಚು ಆಕಾಶದ ಚಂದ್ರನನ್ನು ನೋಡುವುದಿಲ್ಲ. ಕೋಷ್ಟಕದ ಹುಣ್ಣಿಮೆಯೊಂದನ್ನು ಇಟ್ಟುಕೊಂಡಿದೆ. ಮಾರ್ಚ್ 21ರಂದು ಅಥವಾ ಆಮೇಲೆ ಬರುವ ಆ ಹುಣ್ಣಿಮೆ ಕಳೆದ ಮೇಲಿನ ಭಾನುವಾರವೇ ಈಸ್ಟರ್. ಬರೀ ಕೂಡುವುದು, ಭಾಗಿಸುವುದು. ಕೆಲವೇ ಸಾಲಿನ ಪ್ರೋಗ್ರಾಂ ಸಾಕು.

ನಮ್ಮ ತಿಥಿ ನಿಜವಾದ ಸೂರ್ಯ ಚಂದ್ರರನ್ನು ಹಿಡಿದುಕೊಂಡಿದೆ. ಚಂದ್ರ ಸೂರ್ಯನಿಂದ 12 ಡಿಗ್ರಿ ದೂರ ಸರಿದರೆ ಒಂದು ತಿಥಿ. ಚಂದ್ರನ ವೇಗ ಒಂದೇ ಸಮ ಇರುವುದಿಲ್ಲ. ಹಾಗಾಗಿ ಒಂದು ತಿಥಿ ಸುಮಾರು 20 ಗಂಟೆಗೇ ಮುಗಿಯಬಹುದು, ಇನ್ನೊಂದು 26 ಗಂಟೆಯವರೆಗೂ ಎಳೆಯಬಹುದು. ಯುಗಾದಿಗೆ ಸೂರ್ಯೋದಯದ ಹೊತ್ತಿಗೆ ಪಾಡ್ಯ ಇದೆಯೇ ಎಂದು ನೋಡುತ್ತಾರೆ. ಗಣೇಶನಿಗೆ ಮಧ್ಯಾಹ್ನದ ಹೊತ್ತಿಗೆ ಚೌತಿ ಇರಬೇಕು. ಹಬ್ಬಕ್ಕೊಂದು ನಿಯಮ. ಸೂರ್ಯ ಹುಟ್ಟುವ ಹೊತ್ತೂ ಊರಿಂದ ಊರಿಗೆ ಬೇರೆ.

ಇದರ ಮೇಲೆ ಅಧಿಕ ಮಾಸ. 2025ರಲ್ಲಿ ಗಣೇಶ ಚೌತಿ ಆಗಸ್ಟ್ 27ಕ್ಕೆ ಬಂತು. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ ಸೆಪ್ಟೆಂಬರ್ 14. ಅದೇ ವರ್ಷದ ಯುಗಾದಿ ಮಾತ್ರ ಅಧಿಕ ಮಾಸಕ್ಕಿಂತ ಮುಂಚೆಯೇ ಬರುವುದರಿಂದ ಮಾರ್ಚ್ 19ರಷ್ಟು ಬೇಗ. ಸಂಕ್ರಾಂತಿಯನ್ನು ನಾವು ಜನವರಿ 14 ಎಂದು ಗಟ್ಟಿಮಾಡಿಕೊಂಡಿದ್ದೇವೆ. ಆದರೆ 2024ರಲ್ಲಿ ಅದು 15ಕ್ಕೆ ಬಂದಿತ್ತು. ಸ್ವಾಮಿ ವಿವೇಕಾನಂದರು ಹುಟ್ಟಿದ್ದು ಸಂಕ್ರಾಂತಿಯ ದಿನವೇ, ಅವತ್ತು 1863ರ ಜನವರಿ 12. ನಕ್ಷತ್ರ ನೋಡಿ ಎಣಿಸುವ ವರ್ಷ ಋತುವಿನ ವರ್ಷಕ್ಕಿಂತ ಸುಮಾರು 20 ನಿಮಿಷ ಜಾಸ್ತಿ. ಅದಕ್ಕೇ ಹಬ್ಬ ನಿಧಾನವಾಗಿ ಮುಂದೆ ಸರಿಯುತ್ತಿದೆ.

ಹೋಗಲಿ, ನಮ್ಮಲ್ಲೇ ಎಲ್ಲರಿಗೂ ಒಂದೇ ಯುಗಾದಿ ಇದೆಯಾ? ಉಡುಪಿ, ಮಂಗಳೂರು ಕಡೆ ಏಪ್ರಿಲ್ ಮಧ್ಯದ ಸೌರ ಯುಗಾದಿ, ಅಂದರೆ ಬಿಸು. ಮಿಕ್ಕ ಕಡೆ ಚಾಂದ್ರಮಾನ. ಹಳೆಯ ಸೂರ್ಯಸಿದ್ಧಾಂತದ ಸೂತ್ರ ಹಿಡಿದು ಎಣಿಸುವ ಪಂಚಾಂಗಕ್ಕೂ ಈಗಿನ ಖಗೋಳ ಲೆಕ್ಕದ ದೃಕ್ ಪಂಚಾಂಗಕ್ಕೂ ಕೆಲವು ಸಲ ಒಂದು ದಿನದ ವ್ಯತ್ಯಾಸ ಬರುತ್ತದೆ. ಇದು ನಮ್ಮ ಸಂಪತ್ತು. ಯಾವುದೋ ದೇಶದಲ್ಲಿ ಕೂತ ಪ್ರೋಗ್ರಾಮರ್ ಇದರಲ್ಲಿ ಒಂದನ್ನು ಆರಿಸಿ 'ಇದೇ ಯುಗಾದಿ' ಎಂದು ಹಾಕದೇ ಇರುವುದೇ ಒಳ್ಳೆಯದು ಎಂದು ನಾನು ಮನಸಾರೆ ನಂಬುತ್ತೇನೆ.

ಮತ್ತೆ ರಜೆಯ ವಿಷಯಕ್ಕೆ ಬಂದರೆ, ಅದನ್ನು ಸರ್ಕಾರ ಘೋಷಿಸಬೇಕು. ರಂಜಾನ್, ಬಕ್ರೀದ್‌ಗೆ ಚಂದ್ರದರ್ಶನ ಆದ ಮೇಲೆ ದಿನ ಬದಲಾಗುವುದೂ ಉಂಟು. ಹಾಗಾಗಿ ವರ್ಷದ ಕೊನೆಗೆ ರಾಜ್ಯ ಸರ್ಕಾರದ ಪಟ್ಟಿ ಬಂದ ಕೂಡಲೇ ಒಂದು ಸಂಜೆ ಕೂತು, ದಿನ ಬದಲಾಗುವ ಹಬ್ಬಗಳನ್ನು ವರ್ಷದ ಸಮೇತ ಫೈಲಿಗೆ ಸೇರಿಸಿ: 'ರೆಮ್ 19 ಮಾರ್ 2026 ಎಂಎಸ್‌ಜಿ ಯುಗಾದಿ' ಹೀಗೆ. ಹಳೆಯ ಸಾಲುಗಳನ್ನು ಅಳಿಸಬೇಡಿ. ಹೋದ ವರ್ಷ ಚೌತಿ ಯಾವತ್ತಿತ್ತು ಎಂದು ಯಾರಾದರೂ ಕೇಳೇ ಕೇಳುತ್ತಾರೆ.

ಪ್ರಶ್ನೆ: ಕಾಲ್ 9 1752 ಎಂದು ಕೊಟ್ಟರೆ 2 ಆದಮೇಲೆ ನೇರ 14 ಬರುತ್ತಿದೆ. ಪ್ರೋಗ್ರಾಂ ಕೆಟ್ಟಿದೆಯಾ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಸರಿಯಾಗಿಯೇ ಇದೆ ಕಣಮ್ಮಾ. ಬ್ರಿಟನ್ ಮತ್ತು ಅದರ ವಸಾಹತುಗಳು ಹಳೆಯ ಜೂಲಿಯನ್ ಬಿಟ್ಟು ನಾವು ಈಗ ಬಳಸುವ ಗ್ರೆಗೋರಿಯನ್ ಕ್ಯಾಲೆಂಡರಿಗೆ ಬಂದದ್ದು ಆ ತಿಂಗಳು. ಬುಧವಾರ 2, ಮರುದಿನ ಗುರುವಾರ 14. ಪೋರ್ಚುಗಲ್ ಅದಕ್ಕಿಂತ ಎಷ್ಟೋ ಮೊದಲೇ, 1582ರ ಅಕ್ಟೋಬರಿನಲ್ಲೇ ಬದಲಾಗಿತ್ತು. ಎನ್‌ಕಾಲ್‌ಗೆ ಹೈಫನ್ ಪಿ ಕೊಟ್ಟರೆ ಯಾವ ದೇಶ ಯಾವಾಗ ಬದಲಾಯಿತು ಎಂಬ ಪಟ್ಟಿಯೇ ಬರುತ್ತದೆ. ಹೈಫನ್ ಎಸ್ ಜೊತೆ ದೇಶದ ಸಂಕೇತ ಕೊಟ್ಟರೆ ಆ ದೇಶದ ಲೆಕ್ಕದಲ್ಲೇ ತಿಂಗಳು ತೋರಿಸುತ್ತದೆ. ಇತಿಹಾಸ ಓದುವವರಿಗೆ ಇದು ತುಂಬಾ ಉಪಯೋಗ. ಕಾಲ್ 1 1565 ಎಂದು ಕೊಟ್ಟು ನೋಡು. ತಾಳಿಕೋಟೆ ಯುದ್ಧ ನಡೆಯಿತೆನ್ನುವ ಜನವರಿ 23 ಮಂಗಳವಾರದ ಕೆಳಗೆ ಇರುತ್ತದೆ. ಇತಿಹಾಸದ ಪುಸ್ತಕಗಳಲ್ಲೂ ಮಂಗಳವಾರ ಎಂದೇ ಇದೆ. ಹಾಗೆಯೇ ರಾಜ್ಯ ಉದಯವಾದ 1956ರ ನವೆಂಬರ್ 1, ಹೆಸರು ಕರ್ನಾಟಕವಾದ 1973ರ ನವೆಂಬರ್ 1, ಇವನ್ನೂ ಹಾಕಿ ನೋಡು. ಎರಡೂ ಗುರುವಾರ.

ಪ್ರಶ್ನೆ: ನಾವು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದೇವೆ. ಇಲ್ಲಿ ರಾಜ್ಯಕ್ಕೊಂದು ರಜೆ ಪಟ್ಟಿ. ಏನು ಮಾಡಬಹುದು?
– ಓದುಗರು

ಉತ್ತರ: ನಿಮಗೆ ಜಿಕಾಲ್ ಹೇಳಿಮಾಡಿಸಿದಂತಿದೆ. ಬರೆದವರು ಥಾಮಸ್ ಎಸ್ಕೆನ್, ಅವರೂ ಜರ್ಮನಿಯವರೇ. ಜಿಕಾಲ್ ಹೈಫನ್ ಎನ್, ಆಮೇಲೆ ಹೈಫನ್ ಕ್ಯೂ, ಅದರ ಮುಂದೆ ಡಿಇ ಅಂಡರ್‌ಸ್ಕೋರ್ ಬಿಡಬ್ಲ್ಯೂ ಎಂದು ಕೊಡಿ. ಬಾಡೆನ್ ವುರ್ಟೆಂಬರ್ಗ್ ರಾಜ್ಯದ ರಜೆಗಳು ಸಾಲಾಗಿ ಬರುತ್ತವೆ. ಇವತ್ತಿನಿಂದ ಎಷ್ಟು ದಿನ ದೂರ ಎನ್ನುವುದು ಸಾಲಿನ ಕೊನೆಯಲ್ಲಿರುತ್ತದೆ. ಜನವರಿ 6ರಂಥ, ಜರ್ಮನಿಯ ಎಲ್ಲ ಕಡೆ ಇಲ್ಲದ ರಜೆಗಳೂ ಅದರಲ್ಲಿವೆ. ಮನೆಯ ಹಬ್ಬಗಳನ್ನು ಮಾತ್ರ ಮೇಲೆ ಹೇಳಿದಂತೆ ರಿಮೈಂಡ್‌ನಲ್ಲಿ ನೀವೇ ಬರೆದುಕೊಳ್ಳಿ. ಅಲ್ಲಿಯ ಸೂರ್ಯೋದಯಕ್ಕೆ ತಿಥಿ ನೋಡಬೇಕೋ ಊರಿನದ್ದೋ ಎಂಬುದನ್ನು ಮನೆಯ ಹಿರಿಯರನ್ನು ಕೇಳಿ.

ಪ್ರಶ್ನೆ: ರಿಮೈಂಡ್‌ನಲ್ಲಿ ಹಬ್ಬದ ಹೆಸರು ಕನ್ನಡದಲ್ಲಿ ಬರೆದರೆ ಒತ್ತಕ್ಷರ ಒಡೆದು, ಮನೆಗಳ ಗೆರೆ ಸೊಟ್ಟಗಾಗುತ್ತದೆ.
– ಶಿಕ್ಷಕರು, ಕೊಪ್ಪಳ

ಉತ್ತರ: ತೊಂದರೆ ಟರ್ಮಿನಲ್‌ನದ್ದು, ನಿಮ್ಮ ಫೈಲಿನದ್ದಲ್ಲ. ಪ್ರತಿ ಅಕ್ಷರಕ್ಕೂ ಇಷ್ಟೇ ಜಾಗ ಎಂದು ಟರ್ಮಿನಲ್ ಅಳೆದು ಕೊಡುತ್ತದೆ. ನಮ್ಮ ಅಕ್ಷರ ಆ ಅಳತೆಗೆ ಕೂರುವುದಿಲ್ಲ. ಫೈಲಿನಲ್ಲಿ ಕನ್ನಡವನ್ನೇ ಉಳಿಸಿಕೊಳ್ಳಿ. ರಿಮೈಂಡ್‌ನ ಮೂಲ ಪ್ಯಾಕೇಜಿನಲ್ಲಿ ರೆಮ್‌ಟುಎಚ್‌ಟಿಎಂಎಲ್ (ಟು ಜಾಗದಲ್ಲಿ 2 ಅಂಕಿ ಒತ್ತಬೇಕು) ಎಂಬ ಪುಟ್ಟ ಸಲಕರಣೆ ಇದೆ. ರೆಮ್ ಹೈಫನ್ ಪಿಪಿ ಕೊಟ್ಟು, ಬಂದದ್ದನ್ನು ಅದಕ್ಕೆ ಹಾಯಿಸಿದರೆ ತಿಂಗಳ ಪುಟ ಸಿದ್ಧವಾಗುತ್ತದೆ. ಅದನ್ನು ಬ್ರೌಸರಿನಲ್ಲಿ ತೆರೆದರೆ ಒತ್ತಕ್ಷರ ಸರಿಯಾಗಿ ಕಾಣುತ್ತದೆ. ಪ್ರಿಂಟ್ ತೆಗೆದು ಸ್ಟಾಫ್ ರೂಮಿನಲ್ಲೂ ಅಂಟಿಸಬಹುದು.